ಬಸವನಹುಳುವಿನ ಹೆಸರೂ ಅದರ ಊರೂ

ಮುಂಗಾರಿನ ಮೊದಲ ನಾಲ್ಕು ಮಳೆ ಬಿದ್ದು ನೆಲ ತಣಿದೊಡನೆ ನಮ್ಮ ಹಿತ್ತಿಲು, ತೋಟ, ಬೇಲಿ, ಹಾಳುಗೋಡೆಗಳ ಮೇಲೆಲ್ಲ ಬಸವನಹುಳುಗಳು ಕಾಣಿಸಿಕೊಳ್ಳತೊಡಗುತ್ತವೆ. ಬೇಸಗೆಯುದ್ದಕ್ಕೂ ಚಿಪ್ಪಿನ ಬಾಯಿಯನ್ನು ಮುಚ್ಚಿಕೊಂಡು ಎಲ್ಲೋ ಮಣ್ಣಿನಲ್ಲಿ, ಕಲ್ಲಿನ ಸಂದಿಯಲ್ಲಿ ನಿದ್ರಿಸುತ್ತಿದ್ದ ಈ ಜೀವಿಗಳು ಕೋಡುಗಳನ್ನು ಚಾಚಿ, ಮನೆಯನ್ನು ಬೆನ್ನಿನ ಮೇಲೆ ಹೊತ್ತು, ಯಾವ ಅವಸರವೂ ಇಲ್ಲದೆ ಸಂಚಾರಕ್ಕೆ ಹೊರಡುತ್ತವೆ. ಮಕ್ಕಳು ಅವನ್ನು ಕಂಡು ನಲಿಯುತ್ತಾರೆ. ತೋಟದ ಯಜಮಾನರು ಕಂಡು ಶಪಿಸುತ್ತಾರೆ. ಆದರೆ “ಇದು ಯಾವ ಬಸವನಹುಳು?” ಎಂದು ಕೇಳುವವರು ಬಹು ವಿರಳ. ನಮ್ಮಲ್ಲಿ ಬಹುಮಂದಿಗೆ ಬಸವನಹುಳುವೆಂದರೆ ಒಂದೇ. ಭಾರತದ ನೆಲದ ಮೇಲೆ ಬದುಕುವ ಬಸವನಹುಳುಗಳಲ್ಲಿ ಸಾವಿರಕ್ಕೂ ಮಿಕ್ಕಿದ ಪ್ರಭೇದಗಳಿವೆಯೆಂದು ಹೇಳಿದರೆ ಅವರು ನಂಬುವುದೂ ಕಷ್ಟ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನು ಎಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ; ಆದರೆ ಒಂದು ಋಣವಿದೆ. ಕೆಲವು ವರ್ಷಗಳ ಹಿಂದೆ, ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ನಾವು ಪಾಠ ಹೇಳುತ್ತಿದ್ದಾಗ, ಕಾಲೇಜಿನ ಹೂದೋಟಕ್ಕೆ ಆಫ್ರಿಕದ ದೈತ್ಯ ಬಸವನಹುಳುವಿನ ಹಾವಳಿ ತಗುಲಿತು. ಪಪಾಯಿ ಸಸಿಗಳೂ ಹೂಗಿಡಗಳೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೋಳಾಗುತ್ತಿದ್ದುವು. ನಾವು ವಿದ್ಯಾರ್ಥಿಗಳನ್ನು ಕರೆದು, ಕಂಡ ಹುಳುಗಳನ್ನೆಲ್ಲ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಲು ಹೇಳಿದೆವು. ಅವರು ಉತ್ಸಾಹದಿಂದ ದುಡಿದರು. ಎರಡು ಬಕೆಟ್ ತುಂಬಿತು. ಸಂಜೆ ಅವನ್ನು ಹೂಳುವ ಮುನ್ನ ಒಮ್ಮೆ ಬಗ್ಗಿ ನೋಡಿದಾಗ ಮಾತ್ರ ನಮಗೆ ಸಂಶಯ ಹುಟ್ಟಿತು. ಎತ್ತರವಾದ ಕಂದು ಗೆರೆಯ ಚಿಪ್ಪುಗಳ ನಡುವೆ ಚಪ್ಪಟೆಯಾದ, ತೆಳುವಾದ ಕೆಲವು ಚಿಪ್ಪುಗಳಿದ್ದುವು. ಅವುಗಳಲ್ಲಿಯೂ ಐದಾರು ಎಡಕ್ಕೆ ಸುತ್ತಿಕೊಂಡಿದ್ದುವು. ಆಫ್ರಿಕದ ಹುಳು ಎಡಕ್ಕೆ ಸುತ್ತಿಕೊಳ್ಳುವುದಿಲ್ಲ. ಪಶ್ಚಿಮ ಘಟ್ಟಗಳಲ್ಲಿ ತಲತಲಾಂತರದಿಂದ ಬಾಳಿದ ಸ್ಥಳೀಯ ಜೀವಿಗಳನ್ನು ಪರದೇಶದ ಕಳ್ಳನೊಂದಿಗೆ ಸೇರಿಸಿ ನಾವು ಕೊಂದಿದ್ದೆವು. ಗುರುತಿಸುವ ವಿದ್ಯೆ ಕೇವಲ ಹೆಸರಿಡುವ ಹವ್ಯಾಸವಲ್ಲ, ಅದರಲ್ಲಿ ಜೀವಗಳ ಪ್ರಶ್ನೆಯೂ ಅಡಗಿದೆ ಎಂಬುದು ಅಂದು ನಮಗೆ ಮನವರಿಕೆಯಾಯಿತು.

ಬಸವನಹುಳುವನ್ನು ಗುರುತಿಸಲು ಸಾಮಾನ್ಯರ ಕೈಗೆಟಕುವ ಸಾಕ್ಷಿಗಳು ಎರಡು. ಒಂದು, ಅದರ ಚಿಪ್ಪು. ಇನ್ನೊಂದು, ಅದು ಸಿಕ್ಕಿದ ಊರು. ಇವೆರಡನ್ನೂ ಕೇಳಬೇಕು, ಆದರೆ ಒಂದರ ಬಾಯಿಂದ ಇನ್ನೊಂದರ ಮಾತನ್ನು ಹೇಳಿಸಬಾರದು. ಇದೇ ಈ ಲೇಖನದಲ್ಲಿ ನಾವು ಪ್ರತಿಪಾದಿಸಬೇಕೆಂದಿರುವ ವಿಚಾರ.

ಮೊದಲು ಚಿಪ್ಪಿನ ಸಾಕ್ಷ್ಯವನ್ನು ನೋಡೋಣ. ಚಿಪ್ಪು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದದ್ದು. ಅದರ ಮೇಲೆ ತೆಳುವಾದ ಸಾವಯವ ಪೊರೆಯೊಂದಿರುತ್ತದೆ. ಹುಳು ಬೆಳೆದಂತೆಲ್ಲ ಚಿಪ್ಪಿನ ಬಾಯಂಚಿಗೆ ಹೊಸ ಪದಾರ್ಥವನ್ನು ಸೇರಿಸುತ್ತ ಹೋಗುತ್ತದೆ. ಹಳೆಯ ಭಾಗವನ್ನು ಕಿತ್ತೆಸೆಯುವುದಿಲ್ಲ. ಆದುದರಿಂದ ಚಿಪ್ಪಿನ ತುತ್ತತುದಿಯಲ್ಲಿರುವುದು ಅದು ಮೊಟ್ಟೆಯಿಂದ ಹೊರಬಂದಾಗಿನ ಶೈಶವದ ಚಿಪ್ಪೇ. ತನ್ನ ಬಾಲ್ಯವನ್ನು ನೆತ್ತಿಯ ಮೇಲೆ ಹೊತ್ತು ತಿರುಗುವ ಪ್ರಾಣಿ ಇದು! ಪ್ರತಿಯೊಂದು ಸುತ್ತೂ ಹಿಂದಿನ ಸುತ್ತಿಗಿಂತ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಚಿಪ್ಪಿನ ಆಕಾರ ಗಣಿತದ ಸಮಕೋನೀಯ ಸುರುಳಿಗೆ ಹತ್ತಿರವಾಗಿರುತ್ತದೆ. ಹೆನ್ರಿ ಮೋಸ್ಲಿ ಎಂಬ ಗಣಿತಜ್ಞನು 1838ರಲ್ಲಿಯೇ ಇದನ್ನು ಅಳೆದು ತೋರಿಸಿದನು. 1966ರಲ್ಲಿ ಡೇವಿಡ್ ರೌಪ್ ಎಂಬ ವಿಜ್ಞಾನಿ ಸುತ್ತು ಹಿಗ್ಗುವ ಪ್ರಮಾಣ, ಅಕ್ಷದಿಂದ ಅದರ ದೂರ, ಅಕ್ಷದಗುಂಟ ಅದು ಕೆಳಗಿಳಿಯುವ ಪ್ರಮಾಣ ಮೊದಲಾದ ಕೆಲವೇ ಸಂಖ್ಯೆಗಳನ್ನು ಗಣಕಯಂತ್ರಕ್ಕೆ ಕೊಟ್ಟು ನಾನಾ ಬಗೆಯ ಚಿಪ್ಪುಗಳ ಚಿತ್ರಗಳನ್ನು ಬರೆಯಿಸಿದನು. ನೋಟಕ್ಕೆ ಅನಂತವೆನಿಸುವ ವೈವಿಧ್ಯದ ಹಿಂದೆ ಹಿಡಿಯಷ್ಟು ಅಳತೆಗಳಿವೆಯೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗೆ ಸಂತೋಷ ಕೊಡತಕ್ಕ ಸಂಗತಿಯಲ್ಲವೆ?

ಹೀಗಿರುವಾಗ ಚಿಪ್ಪನ್ನು ಕೈಗೆತ್ತಿಕೊಂಡವರು ಮೊದಲು ಬಣ್ಣವನ್ನು ನೋಡಬಾರದು, ತಿರುವನ್ನು ನೋಡಬೇಕು. ಚಿಪ್ಪಿನ ಮೊನೆ ಮೇಲಕ್ಕೂ ಬಾಯಿ ನಮ್ಮೆದುರಿಗೂ ಬರುವಂತೆ ಹಿಡಿದಾಗ ಬಾಯಿ ನಮ್ಮ ಬಲಕ್ಕಿದ್ದರೆ ಅದು ಬಲಮುರಿ, ಎಡಕ್ಕಿದ್ದರೆ ಎಡಮುರಿ. ಜಗತ್ತಿನ ಬಸವನಹುಳುಗಳಲ್ಲಿ ಬಹುಪಾಲು ಬಲಮುರಿಗಳೇ. ನಮ್ಮ ಪಶ್ಚಿಮ ಘಟ್ಟಗಳ ಆರಿಯೊಫಾಂಟ ಎಂಬ ಕುಲದಲ್ಲಿ ಎಡಮುರಿ ಪ್ರಭೇದಗಳುಂಟು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ದೇವರ ಮನೆಯಲ್ಲಿ ಅಪರೂಪದ ವಸ್ತುವೆಂದು ಪೂಜೆಗೊಳ್ಳುವ ‘ಬಲಮುರಿ ಶಂಖ’ವು ಪ್ರಾಣಿಶಾಸ್ತ್ರಜ್ಞರ ಲೆಕ್ಕದಲ್ಲಿ ಎಡಮುರಿ! ಇಲ್ಲಿ ಯಾರೂ ತಪ್ಪಿಲ್ಲ. ಚಿಪ್ಪನ್ನು ಮೊನೆ ಕೆಳಗಾಗುವಂತೆ ಹಿಡಿದರೆ ಎಡಕ್ಕಿದ್ದ ಬಾಯಿ ಬಲಕ್ಕೆ ಕಾಣುತ್ತದೆ. ಹೆಸರು ಹುಟ್ಟಿದ್ದು ಹಿಡಿಯುವ ಕ್ರಮದಿಂದ. ಆದರೆ ತಿರುಪುಮೊಳೆಯನ್ನು ಹೇಗೆ ತಿರುಗಿಸಿ ಹಿಡಿದರೂ ಅದರ ತಿರುವು ಬದಲಾಗುವುದಿಲ್ಲ. ಕನ್ನಡಿಯಲ್ಲಿ ಮಾತ್ರವೇ ಬದಲಾಗುತ್ತದೆ. ಚಿಪ್ಪಿಗೂ ಇದೇ ನಿಯಮ. ಆದುದರಿಂದ ತಿರುವನ್ನು ಬರೆದುಕೊಳ್ಳುವವರು ತಾವು ಹಿಡಿದ ಕ್ರಮವನ್ನೂ ನೆನಪಿಟ್ಟಿರಬೇಕು.

ತಿರುವಿನ ನಂತರ ಬಾಯಿ. ಬಾಯಂಚು ಚೂಪಾಗಿದೆಯೆ, ದಪ್ಪನಾಗಿ ಹೊರಕ್ಕೆ ಮಡಿಚಿಕೊಂಡಿದೆಯೆ? ಬಾಯಿ ವರ್ತುಲಾಕಾರವೆ, ಅಂಡಾಕಾರವೆ? ಜೀವಂತ ಹುಳುವಾದರೆ ಬಾಯಿಗೆ ಗಟ್ಟಿಯಾದ ಮುಚ್ಚಳವುಂಟೆ? ಸೈಕ್ಲೋಫೋರಸ್ ಎಂಬ ಕುಲದ ಹುಳುಗಳಿಗೆ ದುಂಡನೆಯ ಬಾಯಿಯೂ ಅದಕ್ಕೊಪ್ಪುವ ಮುಚ್ಚಳವೂ ಇರುತ್ತವೆ. ನೆಲದ ಮೇಲೆ ಬದುಕಿದರೂ ಇವು ನಮ್ಮ ತೋಟದ ಸಾಮಾನ್ಯ ಬಸವನಹುಳುಗಳಿಗೆ ಬಹುದೂರದ ನಂಟರು. ಬಳಿಕ ಚಿಪ್ಪಿನ ತಳವನ್ನು ನೋಡಿ, ಸುತ್ತುಗಳ ನಡುವೆ ಹೊಕ್ಕುಳಿನಂಥ ರಂಧ್ರವುಂಟೆ ಎಂದು ಪರೀಕ್ಷಿಸಬೇಕು. ಆಫ್ರಿಕದ ದೈತ್ಯನಿಗೆ ಈ ಹೊಕ್ಕುಳಿಲ್ಲ. ಅದರ ಚಿಪ್ಪು ಎತ್ತರವಾದ ಶಂಕುವಿನಂತಿದ್ದು, ಬೆಳೆದ ಮೇಲೆ ಏಳರಿಂದ ಒಂಬತ್ತು ಸುತ್ತುಗಳಿರುತ್ತವೆ. ಒಳಗಿನ ನಡುಗಂಬದ ಬುಡ ಚಾಕುವಿನಿಂದ ಅಡ್ಡಲಾಗಿ ಕತ್ತರಿಸಿದಂತೆ ಮೊಟಕಾಗಿರುತ್ತದೆ. ಇದೊಂದು ಉತ್ತಮ ಗುರುತು. ಆದರೆ ಇದೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಏಕೆಂದರೆ ದಕ್ಷಿಣ ಭಾರತಕ್ಕೂ ಸಿಂಹಳಕ್ಕೂ ಸಹಜವಾದ ಗ್ಲೆಸ್ಸುಲ ಎಂಬ ಕುಲದ ಹುಳುಗಳ ನಡುಗಂಬವೂ ಮೊಟಕೇ. ಅವು ಬಹುಮಟ್ಟಿಗೆ ಚಿಕ್ಕವು, ನಯವಾಗಿ ಹೊಳೆಯುವಂಥವು. ಆದರೆ ಆಫ್ರಿಕದ ಹುಳುವಿನ ಮರಿಯೂ ಚಿಕ್ಕದಲ್ಲವೆ? ಒಂದು ಲಕ್ಷಣ ಒಂದು ಸುಳಿವು ಮಾತ್ರ. ಹಲವು ಲಕ್ಷಣಗಳು ಒಂದೇ ಕಡೆಗೆ ಕೈತೋರಿದಾಗ ಅದು ಸಾಕ್ಷ್ಯವಾಗುತ್ತದೆ.

ಚಿಪ್ಪಿನ ಸಾಕ್ಷ್ಯಕ್ಕೆ ಅದರದೇ ಆದ ಮಿತಿಗಳಿವೆ. ಸುಣ್ಣದ ಅಂಶ ಕಡಮೆಯಿರುವ ಮಣ್ಣಿನಲ್ಲಿ ಚಿಪ್ಪು ತೆಳುವಾಗಬಹುದು. ಆಹಾರ ತೇವಗಳು ಸಾಲದಿದ್ದರೆ ಹುಳು ಕುಳ್ಳಾಗಬಹುದು. ಸತ್ತ ಚಿಪ್ಪು ಬಿಸಿಲಿಗೆ ಬಿದ್ದು ಪೊರೆ ಕಳಚಿ ಬಿಳಿಚಿಕೊಂಡರೆ ಬಣ್ಣದ ಮಾತೇ ಇಲ್ಲ. ಯೂರೋಪಿನ ತೋಟ ಬೇಲಿಗಳಲ್ಲಿ ಸೆಪೇಯ ಎಂಬ ಕುಲದ ಎರಡು ಪ್ರಭೇದಗಳಿವೆ. ಬಾಯಂಚು ಕಂದಾದರೆ ಒಂದು, ಬಿಳಿಯಾದರೆ ಇನ್ನೊಂದು ಎಂಬುದು ಅಲ್ಲಿನ ಬಾಲಕರಿಗೂ ತಿಳಿದ ಸೂತ್ರ. ಆದರೆ ಬಿಳಿಯಂಚಿನ ನೆಮೊರಾಲಿಸ್ ಹುಳುಗಳೂ ಅಲ್ಲಲ್ಲಿ ಇರುವುದರಿಂದ, ಸಂದೇಹ ಬಂದಾಗ ಪ್ರಾಣಿಶಾಸ್ತ್ರಜ್ಞರು ದೇಹದೊಳಗಿನ ಅಂಗಗಳನ್ನು ಪರೀಕ್ಷಿಸಿಯೇ ತೀರ್ಮಾನಿಸಬೇಕಾಗುತ್ತದೆ. ಸೂತ್ರವು ಸುಳ್ಳಲ್ಲ, ಆದರೆ ಅದು ನಿಯಮವೂ ಅಲ್ಲ.

ಇನ್ನು ಎರಡನೆಯ ಸಾಕ್ಷಿಯಾದ ಊರು. ಬಸವನಹುಳು ನಿಧಾನ ನಡಗೆಯ ಪ್ರಾಣಿ. ಒಣನೆಲ ಅದಕ್ಕೆ ಮರಳುಗಾಡು. ಒಂದು ಬೆಟ್ಟದ ಏಣು ಅದಕ್ಕೆ ಸಮುದ್ರ. ಆದುದರಿಂದ ಒಂದು ಕಣಿವೆಯಲ್ಲಿರುವ ಪ್ರಭೇದ ಪಕ್ಕದ ಕಣಿವೆಯಲ್ಲಿ ಇಲ್ಲದಿರಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಥಾಮಸ್ ಗುಲಿಕ್ ಎಂಬಾತನು ಹವಾಯಿ ದ್ವೀಪಗಳ ಮರವಾಸಿ ಬಸವನಹುಳುಗಳನ್ನು ಸಂಗ್ರಹಿಸುತ್ತ ಕಣಿವೆಯಿಂದ ಕಣಿವೆಗೆ ಅವುಗಳ ರೂಪ ಬದಲಾಗುವುದನ್ನು ಕಂಡು ಬೆರಗಾದನು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೆನ್ರಿ ಕ್ರಾಂಪ್ಟನ್ ಎಂಬ ವಿಜ್ಞಾನಿ ಪೆಸಿಫಿಕ್ ಸಾಗರದ ಟಹೀಟಿ, ಮೂರಿಯ ಮೊದಲಾದ ದ್ವೀಪಗಳಲ್ಲಿ ಪಾರ್ಟುಲ ಎಂಬ ಕುಲದ ಹುಳುಗಳನ್ನು ಕಣಿವೆ ಕಣಿವೆಯಾಗಿ ಎಣಿಸಿ ಅಳೆದು, 1916, 1925 ಮತ್ತು 1932ರಲ್ಲಿ ದೊಡ್ಡ ಗ್ರಂಥಗಳನ್ನು ಪ್ರಕಟಿಸಿದನು. ನಮ್ಮ ದೇಶದಲ್ಲಿಯೂ ಇದಕ್ಕೊಂದು ಸೊಗಸಾದ ನಿದರ್ಶನವುಂಟು. ಭಾರತದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯಲ್ಲಿ ಮೃದ್ವಂಗಿಗಳ ಮೊದಲ ಸಂಪುಟ 1908ರಲ್ಲಿ ಹೊರಬಂದಾಗ ಅದರ ಮೇಲೆ ಇಬ್ಬರ ಹೆಸರಿತ್ತು. ಒಬ್ಬರು ಭೂವಿಜ್ಞಾನಿ ಬ್ಲಾನ್‌ಫರ್ಡ್. ಇನ್ನೊಬ್ಬರು ಕಾರಕೋರಂ ಪರ್ವತಗಳನ್ನು ಅಳೆದ ಭೂಮಾಪಕ ಗಾಡ್ವಿನ್ ಆಸ್ಟನ್. ಒಂದು ಕಾಲದಲ್ಲಿ ಕೆ-ಟು ಶಿಖರವನ್ನು ಇವರ ಹೆಸರಿನಿಂದಲೂ ಕರೆಯುತ್ತಿದ್ದರು. ನಕ್ಷೆ ಬರೆಯುವವರ ಕೈಯಲ್ಲಿ ಬಸವನಹುಳುವಿನ ಶಾಸ್ತ್ರ ಬೆಳೆದುದು ನಮ್ಮ ದೃಷ್ಟಿಯಲ್ಲಿ ಅರ್ಥಪೂರ್ಣವಾದ ಸಂಗತಿ.

ಆದುದರಿಂದಲೇ, ಊರಿನ ಚೀಟಿಯಿಲ್ಲದ ಚಿಪ್ಪು ಅರ್ಧ ಚಿಪ್ಪು ಎನ್ನುತ್ತೇವೆ. ವಿದ್ಯಾರ್ಥಿಗಳು ಎಷ್ಟೋ ವೇಳೆ ಅಂದವಾದ ಚಿಪ್ಪನ್ನು ತಂದು ಹೆಸರು ಕೇಳುತ್ತಾರೆ. “ಎಲ್ಲಿ ಸಿಕ್ಕಿತು?” ಎಂದು ಕೇಳಿದರೆ “ಯಾರೋ ಕೊಟ್ಟರು, ಸಾರ್” ಎನ್ನುತ್ತಾರೆ. ಮಾನವಿಲ್ಲದ ಅಂಕಿಯನ್ನು ಪ್ರಯೋಗದ ಪುಸ್ತಕದಲ್ಲಿ ಬರೆದಂತಾಯಿತು ಇದು. ‘ಉದ್ದ ಐದು’ ಎಂದರೆ ಐದು ಮಿಲಿಮೀಟರೋ, ಐದು ಮೈಲಿಯೋ?

ಆದರೆ ಈಗ ನಮ್ಮ ವಾದದ ಮುಖ್ಯ ಭಾಗಕ್ಕೆ ಬರುತ್ತೇವೆ. ಊರಿನ ಸಾಕ್ಷ್ಯಕ್ಕೆ ಬೆಲೆಯಿರುವುದರಿಂದಲೇ ಅದರಲ್ಲಿ ಅಪಾಯವೂ ಇದೆ. ಲೆಕ್ಕದಿಂದ ಇದನ್ನು ವಿಶದಪಡಿಸೋಣ. ಒಂದು ತೋಟದಲ್ಲಿ ಒಂದು ಸಾವಿರ ಹುಳುಗಳಿವೆಯೆಂದೂ, ಅವುಗಳಲ್ಲಿ 990 ಸ್ಥಳೀಯ, 10 ಹೊಸದಾಗಿ ಬಂದವು ಎಂದೂ ಭಾವಿಸೋಣ. ಚಿಪ್ಪನ್ನು ನೋಡಿ ಹೇಳುವ ನಮ್ಮ ಜಾಣ್ಮೆ ನೂರಕ್ಕೆ ಐದು ಬಾರಿ ತಪ್ಪುತ್ತದೆಯೆನ್ನೋಣ. ಆಗ 990ರಲ್ಲಿ ಸುಮಾರು 50 ಸ್ಥಳೀಯ ಹುಳುಗಳನ್ನು ನಾವು ಹೊಸಬರೆಂದು ಕರೆಯುತ್ತೇವೆ. ನಿಜವಾದ ಹೊಸಬರು ಹತ್ತೇ. ಅಂದರೆ ‘ಹೊಸದು’ ಎಂದು ಸಾರಿದ ಸುಮಾರು 60ರಲ್ಲಿ 50 ತಪ್ಪು! ಈ ಊರಿನಲ್ಲಿ ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬ ಅರಿವಿಲ್ಲದೆ ಕೇವಲ ಚಿಪ್ಪನ್ನು ನಂಬಿದವನ ಗತಿ ಇದು. ಹಾಗೆಂದು, “ಈ ಊರಿನಲ್ಲಿ ಸ್ಥಳೀಯವಲ್ಲದೆ ಬೇರೊಂದಿಲ್ಲ” ಎಂದು ಊರನ್ನೇ ಪ್ರಮಾಣವಾಗಿ ಹಿಡಿದವನ ಗತಿಯೇನು? ಅವನು ಸಾವಿರಕ್ಕೆ ಹತ್ತು ಬಾರಿ ಮಾತ್ರವೇ ತಪ್ಪುತ್ತಾನೆ, ನಿಜ. ಆದರೆ ತಪ್ಪುವುದು ಆ ಹತ್ತರ ವಿಷಯದಲ್ಲಿಯೇ. ಕಾಣಬೇಕಾದ ಹತ್ತನ್ನು ಅವನು ಎಂದಿಗೂ ಕಾಣಲಾರ.

ಇನ್ನೂ ಕೆಟ್ಟದ್ದೊಂದುಂಟು. ಊರನ್ನು ನೋಡಿ ಹೆಸರಿಟ್ಟು, ಆ ಹೆಸರನ್ನೇ ನಕ್ಷೆಯಲ್ಲಿ ಗುರುತು ಹಾಕಿ, ಮರುವರ್ಷ ಅದೇ ನಕ್ಷೆಯನ್ನು ನೋಡಿ ಮತ್ತೆ ಹೆಸರಿಟ್ಟರೆ ನಕ್ಷೆ ತನಗೆ ತಾನೇ ಸಾಕ್ಷಿ ಹೇಳಿದಂತಾಗುತ್ತದೆ. ತಕ್ಕಡಿಯ ಬಟ್ಟನ್ನು ಅದೇ ತಕ್ಕಡಿಯಲ್ಲಿ ತೂಗಿ ಸರಿಯೆಂದು ತೃಪ್ತಿಪಡುವ ವ್ಯಾಪಾರಿಯ ರೀತಿಯಿದು. ಈ ದಿನಗಳಲ್ಲಿ ಕೈಯಲ್ಲಿನ ಫೋನಿಗೆ ಚಿಪ್ಪಿನ ಚಿತ್ರವನ್ನು ತೋರಿಸಿದರೆ ಕ್ಷಣಾರ್ಧದಲ್ಲಿ ಹೆಸರು ಬರುತ್ತದೆ. ಅದನ್ನು ನಾವು ಹಳಿಯುವುದಿಲ್ಲ, ಬಳಸುತ್ತೇವೆ. ಆದರೆ ಇಂಥ ಸಾಧನಗಳಲ್ಲಿ ಕೆಲವು ಚಿತ್ರದ ಜತೆಗೆ ಸ್ಥಳವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಊಹಿಸುತ್ತವೆ. ಆ ಊಹೆಯನ್ನು ಹಾಗೆಯೇ ದಾಖಲೆಯಾಗಿ ಬರೆದರೆ, ಮೇಲೆ ಹೇಳಿದ ವರ್ತುಲವು ಯಂತ್ರದ ವೇಗದಲ್ಲಿ ಸುತ್ತತೊಡಗುತ್ತದೆ.

ಊರೆಂಬುದು ಸ್ಥಿರವಲ್ಲ ಎಂಬುದಕ್ಕೆ ಆಫ್ರಿಕದ ಹುಳುವಿನ ಚರಿತ್ರೆಯೇ ಸಾಕು. ಅದರ ತವರು ಪೂರ್ವ ಆಫ್ರಿಕ. ಮನುಷ್ಯರ ಕೈಯಿಂದ ಅದು ಮಾರಿಷಸ್ ದ್ವೀಪವನ್ನು ಸೇರಿತ್ತು. ಅಲ್ಲಿಂದ ಅದನ್ನು ತಂದವನು ವಿಲಿಯಂ ಬೆನ್ಸನ್; 1847ರಲ್ಲಿ ಅದು ಅಂದಿನ ಕಲ್ಕತ್ತೆಯ ಚೌರಂಗಿಯ ತೋಟವೊಂದಕ್ಕೆ ಇಳಿಯಿತು. ಈ ಬೆನ್ಸನ್ ಯಾರು? ಭಾರತದ ಎಷ್ಟೋ ಬಸವನಹುಳುಗಳನ್ನು ಮೊದಲ ಬಾರಿಗೆ ವರ್ಣಿಸಿ ಹೆಸರಿಟ್ಟ ವಿದ್ವಾಂಸನೇ ಅವನು! ಹುಳುಗಳ ಊರನ್ನು ಬಲ್ಲವನೇ ಒಂದು ಹುಳುವಿನ ಊರನ್ನು ಕೆಡಿಸಿದನು. ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡಬಲ್ಲ ಆ ಜೀವಿ ಇಂದು ದೇಶದ ಹಲವು ಭಾಗಗಳಲ್ಲಿ ಪೈರಿನ ಶತ್ರುವಾಗಿದೆ; ನಮ್ಮ ಕೊಡಗಿನ ಕಾಫಿ ತೋಟಗಳೂ ಅದರ ಹಾವಳಿಯನ್ನು ಕಂಡಿವೆ. ಇಲಿಗಳ ಶ್ವಾಸಕೋಶದ ಹುಳವೊಂದು ಇದರ ದೇಹದಲ್ಲಿ ಬೆಳೆದು ಮನುಷ್ಯರಿಗೆ ಮಿದುಳಿನ ಪೊರೆಯ ಉರಿಯೂತವನ್ನು ತರಬಲ್ಲದು. ಆದುದರಿಂದ ಯಾವ ಬಸವನಹುಳುವನ್ನೂ ಬರಿಗೈಯಿಂದ ಮುಟ್ಟಬಾರದು. ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಲೇಬೇಕು.

ಈ ಶತ್ರುವನ್ನು ಸದೆಬಡಿಯುವ ಅವಸರದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ನಡೆದುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಆಫ್ರಿಕದ ಹುಳುವನ್ನು ತಿನ್ನಲೆಂದು ಅಮೆರಿಕದ ಯೂಗ್ಲಾಂಡಿನ ಎಂಬ ಮಾಂಸಾಹಾರಿ ಬಸವನಹುಳುವನ್ನು 1955ರಲ್ಲಿ ಹವಾಯಿಗೂ, 1977ರಲ್ಲಿ ಮೂರಿಯ ದ್ವೀಪಕ್ಕೂ ತಂದು ಬಿಟ್ಟರು. ಅದು ದೈತ್ಯನ ಗೋಜಿಗೆ ಹೆಚ್ಚಾಗಿ ಹೋಗದೆ ಚಿಕ್ಕ ಸ್ಥಳೀಯ ಹುಳುಗಳನ್ನು ಬೇಟೆಯಾಡಿತು. ಕ್ರಾಂಪ್ಟನ್ ಕಣಿವೆ ಕಣಿವೆಯಾಗಿ ಅಳೆದಿದ್ದ ಮೂರಿಯದ ಪಾರ್ಟುಲಗಳು ಹತ್ತೇ ವರ್ಷಗಳಲ್ಲಿ ಕಾಡಿನಿಂದ ಕಣ್ಮರೆಯಾದುವು. ಮೃಗಾಲಯಗಳಲ್ಲಿ ಉಳಿಸಿಕೊಂಡ ಕೆಲವು ಪ್ರಭೇದಗಳ ಸಂತತಿಯನ್ನು 2015ರಿಂದ ಆ ದ್ವೀಪಗಳಿಗೆ ಮರಳಿಸುವ ಪ್ರಯತ್ನ ನಡೆದಿದೆ. ಹವಾಯಿಯಲ್ಲಿ ಅಕಾಟಿನೆಲ್ಲ ಅಪೆಕ್ಸ್‌ಫುಲ್ವ ಎಂಬ ಪ್ರಭೇದದ ಕೊನೆಯ ಹುಳು, ಜಾರ್ಜ್ ಎಂದು ಹೆಸರಿಟ್ಟಿದ್ದುದು, 2019ರ ಜನವರಿ 1ರಂದು ಪ್ರಯೋಗಾಲಯದಲ್ಲಿ ಸತ್ತುಹೋಯಿತು. ಈ ಕಥೆಯ ಕೊನೆಯ ವ್ಯಂಗ್ಯವೊಂದಿದೆ. ಆರು ದಶಕಗಳ ಕಾಲ ಒಂದೇ ಪ್ರಭೇದವೆಂದು ನಂಬಿದ್ದ ಹವಾಯಿಯ ಆ ಮಾಂಸಾಹಾರಿ ಹುಳು ಒಂದಲ್ಲ, ಎರಡು ಪ್ರಭೇದ ಎಂದು 2017ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ತೋರಿಸಿತು. ತಂದವರಿಗೆ ತಾವು ತಂದುದೇನೆಂಬುದೇ ತಿಳಿದಿರಲಿಲ್ಲ!

ಹಾಗಾದರೆ ಡಿಎನ್‌ಎ ಪರೀಕ್ಷೆ ಬಂದ ಮೇಲೆ ಚಿಪ್ಪನ್ನೂ ಊರನ್ನೂ ನೋಡುವ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಕಠಿನ ಪ್ರಶ್ನೆಗಳನ್ನು ಪ್ರಯೋಗಾಲಯವೇ ಬಿಡಿಸಬೇಕು. ಆದರೆ ಯಾವ ಹುಳುವನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ತೀರ್ಮಾನಿಸುವುದು ತೋಟದಲ್ಲಿ ನಿಂತ ಕಣ್ಣು. “ಇದು ಇಲ್ಲಿರಬೇಕಾದದ್ದಲ್ಲ” ಎಂದು ಅನುಮಾನಿಸಬಲ್ಲ ಕಣ್ಣು ಊರಿಗೊಂದಿಲ್ಲದಿದ್ದರೆ ಪರೀಕ್ಷೆಯ ಯಂತ್ರ ಏನನ್ನು ಪರೀಕ್ಷಿಸೀತು?

ಆ ಕಣ್ಣು ನಮ್ಮ ವಿದ್ಯಾರ್ಥಿಗಳದಾಗಲಿ ಎಂಬುದು ನಮ್ಮ ಆಶೆ. ಇದಕ್ಕೆ ಹಣ ಬೇಡ. ಒಂದು ಪುಸ್ತಕ, ಒಂದು ಪೆನ್ಸಿಲು, ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸುಮ್ಮನೆ ಕುಳಿತಿರುವ ಒಂದು ವರ್ನಿಯರ್ ಕ್ಯಾಲಿಪರ್ಸ್ ಸಾಕು. ಖಾಲಿ ಚಿಪ್ಪು ಸಿಕ್ಕಿದಾಗ ಸಿಕ್ಕಿದ ಸ್ಥಳ, ದಿನಾಂಕ, ನೆಲವೋ ಮರವೋ ಗೋಡೆಯೋ ಎಂಬುದನ್ನು ಮೊದಲು ಬರೆಯಬೇಕು. ಬಳಿಕ ತಿರುವು, ಸುತ್ತುಗಳ ಸಂಖ್ಯೆ, ಎತ್ತರ, ಅಗಲ, ಬಾಯಿ, ಹೊಕ್ಕುಳು ಇವನ್ನು ಬರೆಯಬೇಕು. ಹೆಸರನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಬೇರೊಂದು ಅಂಕಣದಲ್ಲಿ, ಪೆನ್ಸಿಲಿನಿಂದ ಬರೆಯಬೇಕು. ಪಕ್ಕದಲ್ಲಿ ‘ಚಿಪ್ಪಿನಿಂದ’ ಅಥವಾ ‘ಊರಿನಿಂದ’ ಎಂದು ಆ ಹೆಸರಿಗೆ ಆಧಾರವನ್ನು ಸೂಚಿಸಬೇಕು. ಹೆಸರು ನಾಳೆ ಬದಲಾಗಬಹುದು. ಆಫ್ರಿಕದ ಹುಳುವನ್ನೇ ನೋಡಿ: ಬಹುಕಾಲ ಅಕಾಟಿನ ಎನಿಸಿಕೊಂಡಿದ್ದುದನ್ನು ಈಗ ಲಿಸ್ಸಾಕಾಟಿನ ಎನ್ನುತ್ತಾರೆ. ಅಳತೆಯೂ ಊರೂ ಬದಲಾಗುವುದಿಲ್ಲ. ಅವನ್ನು ಪ್ರಾಮಾಣಿಕವಾಗಿ ಬರೆದಿಟ್ಟವನ ಪುಸ್ತಕ ಐವತ್ತು ವರ್ಷಗಳ ನಂತರವೂ ಉಪಯೋಗಕ್ಕೆ ಬರುತ್ತದೆ. “ನಿಶ್ಚಯವಿಲ್ಲ” ಎಂದು ಬರೆಯಲು ನಾಚಬೇಕಾದುದಿಲ್ಲ. ಅಳತೆಯ ಪಕ್ಕದಲ್ಲಿ ದೋಷದ ಪ್ರಮಾಣವನ್ನು ಬರೆಯುವುದನ್ನು ನಾವು ತರಗತಿಯಲ್ಲಿ ಕಲಿಸುವುದಿಲ್ಲವೆ?

ಆ ಎರಡು ಬಕೆಟ್ಟುಗಳ ಚಿಪ್ಪುಗಳಲ್ಲಿ ಎಡಮುರಿಯಾದ ಒಂದನ್ನು ತೊಳೆದು ನಾವು ಇಟ್ಟುಕೊಂಡಿದ್ದೇವೆ. ಅದರ ಚೀಟಿಯಲ್ಲಿ ಊರಿದೆ, ದಿನಾಂಕವಿದೆ, ಅಳತೆಗಳಿವೆ, ಕುಲದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಕೊಲ್ಲುವ ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಕೊಂದ ಮೇಲೆ ಮಾಡಿದೆವು. ಈ ಮಳೆಗಾಲದಲ್ಲಿ ನಮ್ಮ ತರುಣ ವಾಚಕರು ಆ ಕ್ರಮವನ್ನು ತಿರುಗಿಸುವರೆಂದು ನಂಬುತ್ತೇವೆ.